ಜೀನ್ ರಿಪೋರ್ಟಿಗಾಗಿ ಕಾದ ಏಳು ವಾರ

ಕಾಯಿಲೆಯಿಂದ ಎದ್ದವರು ಬರೆದದ್ದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಬೇಕಾದಷ್ಟು ಓದಿದ್ದೇನೆ. ಅವರೆಲ್ಲ ಧೈರ್ಯವಾಗಿರುತ್ತಾರೆ, ಬೆಳಗಿನ ಬಿಸಿಲು ನೋಡಿ ಖುಷಿಪಡುತ್ತಾರೆ, ಗಿಡಕ್ಕೆ ನೀರು ಹಾಕುತ್ತಾರೆ. ನನಗೆ ಅದ್ಯಾವುದೂ ಆಗಲಿಲ್ಲ. ನಾನು ಉದ್ದಕ್ಕೂ ಸಿಟ್ಟಿನಲ್ಲೇ ಇದ್ದೆ. ಲ್ಯಾಬಿನ ಮೇಲೆ ಸಿಟ್ಟು, ಲಿಫ್ಟಿನ ಮೇಲೆ ಸಿಟ್ಟು, "ಪಾಸಿಟಿವ್ ಆಗಿರಿ" ಎಂದವರನ್ನು ಕಂಡರಂತೂ ಮೈಯೆಲ್ಲ ಉರಿ. ಹೀಗೆ ಬೈದುಕೊಂಡೇ ಕೀಮೋ ಮುಗಿಸಿದವರು ಇನ್ನೂ ಯಾರಾದರೂ ಇದ್ದರೆ ಅವರಿಗೆ ನಾನೂ ಒಬ್ಬಳಿದ್ದೇನೆ ಎಂದು ಗೊತ್ತಾಗಲಿ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಂದು ರಿಪೋರ್ಟು ಬರಲಿ ಎಂದು ನನ್ನ ಚಿಕಿತ್ಸೆಯನ್ನು ಏಳು ವಾರ ನಿಲ್ಲಿಸಿದವಳು ನಾನೇ. ಆ ಏಳು ವಾರದಲ್ಲಿ ಕಾಯಿಲೆ ಮುಂದೆ ಹೋಯಿತೇ ಎಂಬ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ನನ್ನ ಹೆಸರು ವನಜಾಕ್ಷಿ. ಪೀಣ್ಯ ಎರಡನೇ ಹಂತದಲ್ಲಿ ಲಾರಿಗಳಿಗೆ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್ಸ್‌ಪೆಕ್ಷನ್ ನೋಡಿಕೊಳ್ಳುತ್ತೇನೆ. ಹೊರಗಿನಿಂದ ಬರುವ ಉಕ್ಕಿನ ಸಲಾಕೆ, ಪೈಪು, ಎರಕದ ಸಾಮಾನು ಎಲ್ಲವೂ ಮೊದಲು ನನ್ನ ಮೇಜಿಗೆ ಬರಬೇಕು. ಜೊತೆಗೆ ಅದರ ಟೆಸ್ಟ್ ಸರ್ಟಿಫಿಕೇಟ್ ಇರಬೇಕು. ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಿ, ಅದರ ಮೇಲೆ ಹೋಲ್ಡ್ ಎಂದು ಬರೆದು ಮೂಲೆಗೆ ಇಡಿಸುತ್ತೇನೆ. ಮಾಲೀಕರೇ ಬಂದು ಕೇಳಿದರೂ ಚೀಟಿ ಬಿಚ್ಚುವುದಿಲ್ಲ. ಒಮ್ಮೆ ಇಡೀ ಒಂದು ಲೋಡನ್ನು ಹೀಗೆ ನಾಲ್ಕು ದಿನ ನಿಲ್ಲಿಸಿದ್ದೆ. ಮೆಷಿನ್ನುಗಳು ಖಾಲಿ ನಿಂತಿವೆ, ಗಿರಾಕಿ ಫೋನಿನಲ್ಲಿ ಕೂಗಾಡುತ್ತಿದ್ದಾನೆ, ಮಾಲೀಕರು ನನ್ನ ಮುಖ ನೋಡುತ್ತಿಲ್ಲ. ಐದನೇ ದಿನ ಸರ್ಟಿಫಿಕೇಟ್ ಬಂತು. ನಾವು ಕೇಳಿದ ಉಕ್ಕೇ ಅಲ್ಲ ಅದು. ಅವತ್ತಿನಿಂದ ನನ್ನ ಮಾತಿಗೆ ಅಲ್ಲಿ ಎದುರಿಲ್ಲ. ಆ ಹೆಮ್ಮೆ ನನ್ನ ತಲೆಗೆ ಎಷ್ಟು ಏರಿತ್ತು ಎಂದು ತಿಳಿಯಲು ಕಾಯಿಲೆಯೇ ಬರಬೇಕಾಯಿತು.

ನನ್ನ ಗಂಡ ಶಿವಸ್ವಾಮಿ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ಸ್ವಯಂ ನಿವೃತ್ತಿ ತೆಗೆದುಕೊಂಡವರು. ಕಾಗದದ ಮೇಲಿನ ನಂಬಿಕೆಯಲ್ಲಿ ನನಗಿಂತ ಒಂದು ಕೈ ಮೇಲು. ಮನೆಯ ಮಿಕ್ಸಿ ಕೆಟ್ಟರೂ ಅದರ ವಾರಂಟಿ ಕಾರ್ಡನ್ನು ಫೈಲಿನಿಂದ ತೆಗೆದು ತೋರಿಸುವ ಮನುಷ್ಯ. ಮೂರನೆಯವರು ನಮ್ಮತ್ತೆ. ದಾಸರಹಳ್ಳಿಯ ಮನೆಯಲ್ಲಿ ನಾವು ಮೂವರೇ ಇರುವುದು.

ರಕ್ತ ಹೋಗಲು ಶುರುವಾಗಿ ಎಂಟು ತಿಂಗಳಾಗಿತ್ತು. ಮೂಲವ್ಯಾಧಿ ಎಂದುಕೊಂಡೆ. ಇಡೀ ದಿನ ಕೂತು ಮಾಡುವ ಕೆಲಸ, ಕ್ಯಾಂಟೀನಿನ ಖಾರದ ಸಾಂಬಾರು, ಇನ್ನೇನಾಗುತ್ತದೆ. ಅತ್ತೆ ಮೂಲಂಗಿ ರಸ, ಮಜ್ಜಿಗೆ ಎಂದು ಕೊಟ್ಟರು. ಕಾರ್ಖಾನೆಯ ಲೇತ್ ಆಪರೇಟರ್ ಮುನಿರಾಜು ಮಾಗಡಿ ಕಡೆಯ ಯಾವುದೋ ಬೇರು ತಂದುಕೊಟ್ಟು, "ಮೂರ್ ದಿನ ತಗಳಿ ಅಕ್ಕಾ, ಅಂಗೇ ನಿಂತೋಯ್ತದೆ" ಎಂದ. ಪರರ ಸಾಮಾನಿಗೆ ಸರ್ಟಿಫಿಕೇಟ್ ಕೇಳುವ ನಾನು ಆ ಬೇರನ್ನು ಒಂದು ಪ್ರಶ್ನೆಯನ್ನೂ ಕೇಳದೆ ಅರೆದು ಕುಡಿದೆ. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹೊಟ್ಟೆ ಗುಡಾಣವಾಗಿ ಉಬ್ಬಿತು, ಗಾಳಿಯೂ ಹೋಗಲಿಲ್ಲ, ವಾಂತಿ ನಿಲ್ಲಲಿಲ್ಲ. ಹತ್ತಿರದ ನರ್ಸಿಂಗ್ ಹೋಮಿಗೆ ಆಟೋದಲ್ಲಿ ಒಯ್ದರು. ಮಧ್ಯಾಹ್ನದೊಳಗೆ ಆಪರೇಷನ್ ಆಗಿಹೋಗಿತ್ತು.

ಎಚ್ಚರವಾದಾಗ ಹೊಟ್ಟೆಯ ಎಡಕ್ಕೆ ಒಂದು ಚೀಲ ಅಂಟಿಸಿದ್ದರು. ದೊಡ್ಡ ಕರುಳಿನ ಎಡಭಾಗದಲ್ಲಿ ಗಡ್ಡೆ ದಾರಿ ಮುಚ್ಚಿತ್ತು, ಕತ್ತರಿಸಿ ತೆಗೆದಿದ್ದೇವೆ, ಸದ್ಯಕ್ಕೆ ಮಲ ಈ ಚೀಲಕ್ಕೆ ಬರುತ್ತದೆ ಎಂದು ಸರ್ಜನ್ ಹೇಳಿದರು. ಸ್ಕ್ಯಾನಿನಲ್ಲಿ ಲಿವರ್ ಮೇಲೆ ಎರಡು ಚುಕ್ಕೆ ಕಂಡಿವೆ, ಕ್ಯಾನ್ಸರ್ ಡಾಕ್ಟರನ್ನು ನೋಡಿ ಎಂದರು. ಶಿವಸ್ವಾಮಿ ಅದನ್ನು ಡೈರಿಯಲ್ಲಿ ಬರೆದುಕೊಂಡರು. ಬರೆಯುವಾಗ ಅವರ ಪೆನ್ನು ಎರಡು ಸಲ ಕೆಳಗೆ ಬಿತ್ತು. ನಾನು ನೋಡಿಯೂ ನೋಡದ ಹಾಗೆ ಕಣ್ಣು ಮುಚ್ಚಿಕೊಂಡೆ.

ಆ ಚೀಲದ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮತ್ತೆ ಮಡಿಯವರು. ನಾನು ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯದೆ ಅಡುಗೆಮನೆಗೆ ಕಾಲಿಟ್ಟರೆ ಇಪ್ಪತ್ತು ವರ್ಷವೂ ಗೊಣಗಿದವರು. ಮನೆಗೆ ಬಂದ ದಿನ ಚೀಲ ಬದಲಿಸಲು ನನ್ನಿಂದ ಆಗಲಿಲ್ಲ, ಗಂಡನಿಂದಲೂ ಆಗಲಿಲ್ಲ, ಇಬ್ಬರೂ ಬಚ್ಚಲಲ್ಲಿ ನಿಂತು ಅಳುತ್ತಿದ್ದೆವು. ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. "ಪಕ್ಕಕ್ಕೆ ಸರಿಯೋ ಶಿವು. ಮಕ್ಕಳ ಕುಂಡೆ ತೊಳ್ದಿಲ್ವಾ ನಾನು, ಇದೇನ್ ಮಹಾ" ಎಂದರು. ನನಗೆ ಕೈ ಪಳಗುವವರೆಗೂ ಅವರೇ ಮಾಡಿದರು. ಆಮೇಲೆ ಸ್ನಾನ ಮಾಡಿ ಮತ್ತೆ ಮಡಿಯುಟ್ಟರು, ಅದು ಬೇರೆ ಮಾತು.

ಕ್ಯಾನ್ಸರ್ ಡಾಕ್ಟರು ಸಿಕ್ಕಿದ್ದು ವೈಟ್‌ಫೀಲ್ಡ್ ಕಡೆಯ ಒಂದು ಆಸ್ಪತ್ರೆಯಲ್ಲಿ. ನಮಗೆ ಅದು ಊರಿನ ಆ ತುದಿ. ಗೌರಿ ಹಬ್ಬ ಕಳೆದ ಮೇಲೆ, ಹೊಲಿಗೆ ಒಣಗಿದ ಮೇಲೆ, ಮೆಟ್ರೋದಲ್ಲಿ ಹೊರಟೆವು. ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಗಾಡಿಗೆ ಬದಲಾಯಿಸಬೇಕು. ಜನ ಮೈಮೇಲೆ ಬಿದ್ದರೆ ಚೀಲ ಎಲ್ಲಿ ಬಿಚ್ಚಿಕೊಳ್ಳುತ್ತದೋ ಎಂದು ಹ್ಯಾಂಡ್‌ಬ್ಯಾಗನ್ನು ಹೊಟ್ಟೆಗೆ ಅವಚಿಕೊಂಡು ನಿಂತಿದ್ದೆ. ಗರ್ಭಿಣಿ ಎಂದುಕೊಂಡಳೋ ಏನೋ, ಕಾಲೇಜು ಹುಡುಗಿಯೊಬ್ಬಳು ಎದ್ದು, "ಆಂಟಿ, ಕೂತ್ಕೊಳ್ಳಿ" ಎಂದಳು. ನಲವತ್ತೊಂಬತ್ತರ ಗರ್ಭಿಣಿ. ಆ ತಿಂಗಳಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಕಾಯುವ ಕೋಣೆಯಲ್ಲಿ ಎರಡೂವರೆ ಗಂಟೆ ಕೂತೆವು. ಗೋಡೆಯ ಟೀವಿಯಲ್ಲಿ ಯಾರೋ ಪನೀರು ಹುರಿಯುತ್ತಿದ್ದರು. ಊಟ ಸೇರದವರೇ ತುಂಬಿರುವ ಕೋಣೆಯಲ್ಲಿ ಅಡುಗೆ ಕಾರ್ಯಕ್ರಮ ಹಾಕಬೇಕೆಂದು ಯಾರಿಗೆ ತೋಚಿತೋ ಅವರನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನದ ಮನುಷ್ಯ. ಕಾಗದದ ಮೇಲೆ ಕರುಳು, ಲಿವರು ಬರೆದು ತೋರಿಸಿದರು.

"ನರ್ಸಿಂಗ್ ಹೋಮಲ್ಲಿ ತೆಗ್ದ ಗಡ್ಡೆಯ ಚೂರನ್ನ ಮೇಣದಲ್ಲಿ ಇಟ್ಟಿರ್ತಾರೆ. ಅದನ್ನ ಜೀನ್ ಟೆಸ್ಟಿಗೆ ಕಳಿಸ್ತೀವಿ. ಗಡ್ಡೆಯ ಜೀನಲ್ಲಿ ಒಂದು ಬದಲಾವಣೆ ಇದ್ಯಾ ಇಲ್ವಾ ನೋಡ್ತಾರೆ. ಇಲ್ದಿದ್ರೆ ಕೀಮೋ ಜೊತೆ ಇನ್ನೊಂದು ಇಂಜೆಕ್ಷನ್ ಸೇರಿಸ್ಬಹುದು, ಚೆನ್ನಾಗಿ ಕೆಲಸ ಮಾಡುತ್ತೆ. ಇದ್ರೆ ಆ ಇಂಜೆಕ್ಷನ್ನಿಂದ ಪ್ರಯೋಜನ ಇಲ್ಲ. ಎರಡರಲ್ಲೂ ಕೀಮೋ ಮಾತ್ರ ಅದೇ. ಸೋಮವಾರ ಬನ್ನಿ, ಶುರು ಮಾಡೋಣ. ರಿಪೋರ್ಟು ಬರ್ತಾ ಇರುತ್ತೆ."

ನಾನು ಕೇಳಿಸಿಕೊಂಡದ್ದು ಟೆಸ್ಟು ಇದೆ, ರಿಪೋರ್ಟು ಇನ್ನೂ ಬಂದಿಲ್ಲ ಎಂಬುದನ್ನು ಮಾತ್ರ. ಕೀಮೋ ಎರಡರಲ್ಲೂ ಅದೇ ಎಂದ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

"ರಿಪೋರ್ಟ್ ಬರೋಕೆ ಎಷ್ಟು ದಿನ ಡಾಕ್ಟ್ರೇ?" ಎಂದೆ.

"ಎರಡು ವಾರ ಆಗ್ಬಹುದು."

"ಹಾಗಿದ್ರೆ ರಿಪೋರ್ಟ್ ಬಂದ್ಮೇಲೇ ಶುರು ಮಾಡೋಣ. ಯಾವ್ದು ಕೆಲಸ ಮಾಡುತ್ತೆ ಅಂತ ಗೊತ್ತಾಗ್ದೆ ಮೈಗೆ ಹಾಕಿಸ್ಕೊಳ್ಳೋದು ಹೇಗೆ?"

ಅವರು ಇನ್ನೊಮ್ಮೆ ಹೇಳಿದರು. ನಾನು ಇನ್ನೊಮ್ಮೆ ಬೇಡವೆಂದೆ. ಶಿವಸ್ವಾಮಿ ಪಕ್ಕದಲ್ಲಿ ತಲೆಯಾಡಿಸಿ, "ಅದು ಸರಿ ಸಾರ್, ನಮ್ ಫ್ಯಾಕ್ಟರೀಲೂ ಪೇಪರ್ ಇಲ್ದೆ ಮೆಟೀರಿಯಲ್ ಇಶ್ಯೂ ಮಾಡ್ತಿರ್ಲಿಲ್ಲ" ಎಂದರು. ಡಾಕ್ಟರು ನಮ್ಮಿಬ್ಬರನ್ನೂ ನೋಡಿ, "ಸರಿ, ಎರಡು ವಾರಕ್ಕೆ ತೊಂದರೆ ಇಲ್ಲ. ಅದಕ್ಕಿಂತ ಜಾಸ್ತಿ ಕಾಯೋದು ಬೇಡ" ಎಂದರು. ಹೊರಗೆ ಬಂದಾಗ ನನಗೆ ಒಂದು ಥರ ಗೆದ್ದ ಹಾಗಿತ್ತು. ಮೂರು ವಾರದಲ್ಲಿ ಮೊದಲ ಸಲ ಯಾರೋ ನನ್ನ ಮಾತು ಕೇಳಿದ್ದರು.

ಆಮೇಲೆ ಶುರುವಾಯಿತು ಫೋನಿನ ಕಾಟ. ಲ್ಯಾಬಿನ ಸಹಾಯವಾಣಿಗೆ ಮಾಡಿದರೆ ಕನ್ನಡಕ್ಕೆ ಮೂರು ಒತ್ತಿ ಎನ್ನುತ್ತದೆ. ಮೂರು ಒತ್ತಿದರೆ ಹಿಂದಿಯಲ್ಲಿ ಮಾತಾಡುತ್ತಾರೆ. ಕೊನೆಗೆ ಒಬ್ಬಳು ಕನ್ನಡದವಳು ಸಿಕ್ಕಿದಳು.

"ಪ್ರೋಸೆಸ್‌ನಲ್ಲಿದೆ ಮೇಡಂ."

"ಯಾವ ಪ್ರೋಸೆಸ್ಸಮ್ಮ? ಒಟ್ಟು ಎಷ್ಟು ಹಂತ ಇದೆ, ಈಗ ಎಷ್ಟನೇದ್ರಲ್ಲಿದೆ?"

"ಇಲ್ಲಿ ಪ್ರೋಸೆಸ್‌ನಲ್ಲಿದೆ ಅಂತ ತೋರಿಸ್ತಿದೆ ಮೇಡಂ."

"ನೋಡೋಕೆ ಬರೋವ್ರು ಯಾರಾದ್ರೂ ಇದ್ದಾರಾ ಅಲ್ಲಿ?"

"ನಿಮ್ಮ ಕಂಪ್ಲೇಂಟ್ ರೈಸ್ ಮಾಡ್ಲಾ ಮೇಡಂ?"

ದಿನಕ್ಕೆರಡು ಸಲ ಇದೇ ನಾಟಕ. ಆ ಹುಡುಗಿಯದು ತಪ್ಪಿರಲಿಲ್ಲ, ಪರದೆಯ ಮೇಲೆ ಕಂಡದ್ದನ್ನು ಓದುವುದಷ್ಟೇ ಅವಳ ಕೆಲಸ. ಅದು ಗೊತ್ತಿದ್ದೂ ಅವಳನ್ನು ಅಳಿಸುವ ಮಟ್ಟಕ್ಕೆ ಒಮ್ಮೆ ಬೈದುಬಿಟ್ಟೆ. ಅತ್ತೆ ಅಡುಗೆಮನೆಯಿಂದಲೇ, "ಅವ್ಳ ಹತ್ರ ಕೂಗಾಡಿದ್ರೆ ಕಾಗ್ದ ಬೇಗ ಬರತ್ತೇನೇ? ಡಾಕ್ಟ್ರು ಹೇಳ್ದಾಗ ಶುರು ಮಾಡ್ಬೇಕಿತ್ತು" ಎಂದರು. ಮೂವರಲ್ಲಿ ಸರಿಯಾಗಿ ಯೋಚಿಸಿದವರು ಅವರೊಬ್ಬರೇ. ನಾನು ಅವರಿಗೂ ರೇಗಿದೆ.

ಹದಿನೇಳನೇ ದಿನ ರಿಪೋರ್ಟು ಬಂತು. ಶಿವಸ್ವಾಮಿ ಮೊಬೈಲಿನಲ್ಲಿ ತೆರೆದು, ಕನ್ನಡಕ ಒರೆಸಿಕೊಂಡು, ಮತ್ತೆ ಓದಿದರು. ಮಾದರಿಯಲ್ಲಿ ಗಡ್ಡೆಯ ಜೀವಕೋಶಗಳು ಸಾಲದು, ಪರೀಕ್ಷೆ ಮಾಡಲಾಗಲಿಲ್ಲ, ಬೇರೆ ಮಾದರಿ ಕಳಿಸಿ. ಇಷ್ಟೇ. ಹದಿನೇಳು ದಿನ ಇಟ್ಟುಕೊಂಡು ಇದನ್ನು ಹೇಳಿದ್ದರು. ನಮ್ಮಲ್ಲಿ ಸ್ಯಾಂಪಲ್ ಸಾಲದಿದ್ದರೆ ತಂದ ಗಂಟೆಯಲ್ಲೇ ವಾಪಸ್ ಕಳಿಸುತ್ತೇವೆ. ಆ ದಿನ ನಾನು ಊಟ ಮಾಡಲಿಲ್ಲ. ಹಸಿವಿರಲಿಲ್ಲ ಎಂದಲ್ಲ, ಯಾರನ್ನಾದರೂ ಶಿಕ್ಷಿಸಬೇಕಿತ್ತು, ಕೈಗೆ ಸಿಕ್ಕವಳು ನಾನೊಬ್ಬಳೇ.

ಡಾಕ್ಟರು ಈ ಸಲ ಗಟ್ಟಿಯಾಗಿಯೇ ಹೇಳಿದರು. "ನರ್ಸಿಂಗ್ ಹೋಮಲ್ಲಿ ಗಡ್ಡೆಯ ಇನ್ನೊಂದು ಮೇಣದ ಬ್ಲಾಕ್ ಇರುತ್ತೆ, ತರಿಸಿ. ಅದು ಅದರ ಪಾಡಿಗೆ ಆಗ್ಲಿ. ನಾಳೆಯಿಂದ ಕೀಮೋ ಶುರು ಮಾಡೋಣ. ಎರಡನೇ ಸಲ ಹೇಳ್ತಿದೀನಿ."

ನಾನು ಎರಡನೇ ಸಲವೂ ಬೇಡವೆಂದೆ. ಇಷ್ಟು ದಿನ ಕಾದಿದ್ದೇವೆ, ಇನ್ನೆರಡು ವಾರ ತಾನೇ ಎಂದೆ. ಅವರು ಕೇಸ್ ಶೀಟಿನಲ್ಲಿ ಏನೋ ಬರೆದರು.

ಈಗ ಯೋಚಿಸಿದರೆ ಮೊದಲ ಸಲದ್ದು ನನ್ನ ಕೆಲಸದ ಅಭ್ಯಾಸ, ಅದನ್ನು ಕ್ಷಮಿಸಬಹುದು. ಎರಡನೆಯದು ಬರೀ ಹೆದರಿಕೆ. ಆ ಸೂಜಿ ಕೈಗೆ ಚುಚ್ಚಿದ ಮೇಲೆ ನಾನು ಕ್ಯಾನ್ಸರ್ ರೋಗಿ. ರಿಪೋರ್ಟು ಬರುವ ತನಕ ಪಾಸೂ ಅಲ್ಲ, ರಿಜೆಕ್ಟೂ ಅಲ್ಲ, ಮೂಲೆಯಲ್ಲಿ ಚೀಟಿ ಕಟ್ಟಿಕೊಂಡು ಇರುವ ಸಾಮಾನು. ಅಲ್ಲೇ ಇದ್ದುಬಿಡಬೇಕು ಅನಿಸುತ್ತಿತ್ತು. ಹೆದರಿಕೆ ಎಂದು ಬಾಯಿಬಿಟ್ಟು ಹೇಳಿದ್ದರೆ ಯಾರಾದರೂ ಕೈ ಹಿಡಿಯುತ್ತಿದ್ದರು. ನಾನು ಅದಕ್ಕೆ ಕ್ರಮ ಎಂದು ಹೆಸರಿಟ್ಟೆ. ಕ್ರಮ ಎಂದರೆ ನಮ್ಮ ಮನೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ.

ನರ್ಸಿಂಗ್ ಹೋಮಿನಲ್ಲಿ ತೆಗೆದ ಗಡ್ಡೆಯ ಚೂರುಗಳು ಇದ್ದದ್ದು ಪೀಣ್ಯದ ಒಳರಸ್ತೆಯಲ್ಲಿ, ಒಂದು ಸ್ಪ್ರಿಂಗ್ ಕಾರ್ಖಾನೆಯ ಮಹಡಿಯ ಮೇಲಿದ್ದ ಸಣ್ಣ ಲ್ಯಾಬಿನಲ್ಲಿ. ಅವರು ನರ್ಸಿಂಗ್ ಹೋಮಿನ ಪತ್ರ ತನ್ನಿ ಎಂದರು. ನರ್ಸಿಂಗ್ ಹೋಮಿನವರು ಲ್ಯಾಬಿನಿಂದ ನಂಬರು ಬರೆಸಿಕೊಂಡು ಬನ್ನಿ ಎಂದರು. ಶಿವಸ್ವಾಮಿ ಸ್ಕೂಟರಿನಲ್ಲಿ ಐದು ದಿನ ಆ ಕಡೆಗೂ ಈ ಕಡೆಗೂ ಓಡಾಡಿದರು. ಎಲ್ಲ ಸಹಿಯೂ ಆದ ಆರನೇ ದಿನ ನಾನೇ ಜೊತೆಗೆ ಹೋದೆ. ಮೆಟ್ಟಿಲು ಹತ್ತುವಾಗಲೇ ಕುಂಬಳಕಾಯಿ ಒಡೆದದ್ದು ಕಂಡಿತು. ಕೆಳಗಿನ ಕಾರ್ಖಾನೆಯ ಮೆಷಿನ್ನುಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು. ಅವತ್ತು ಆಯುಧ ಪೂಜೆ. ಓಡಾಟದಲ್ಲಿ ನನಗೆ ದಿನವೇ ಮರೆತುಹೋಗಿತ್ತು.

ಮೇಲೆ ಲ್ಯಾಬಿನ ಟೆಕ್ನಿಷಿಯನ್ ಪಂಚೆಯುಟ್ಟು ನಿಂತಿದ್ದರು, ನಮ್ಮ ವಯಸ್ಸಿನವರೇ. ಮೇಣದ ಬ್ಲಾಕನ್ನು ಎಳೆ ಎಳೆಯಾಗಿ ಕತ್ತರಿಸುವ ಯಂತ್ರದ ಮೇಲೆ ವಿಭೂತಿ, ಕುಂಕುಮ, ಸೇವಂತಿಗೆ ಹೂವು. ಅದರ ಬ್ಲೇಡಿಗೂ ಅರಿಶಿನ.

"ಬ್ಲಾಕ್ ಸಿಕ್ಕಿದೆ ಮೇಡಂ. ಅದ್ರಲ್ಲಿ ಗಡ್ಡೆ ಎಷ್ಟಿದೆ ಅಂತ ಒಂದು ಎಳೆ ಕಟ್ ಮಾಡಿ ನೋಡಿ ಕೊಡ್ಬೇಕು, ಇಲ್ದಿದ್ರೆ ಮತ್ತೆ ಸಾಲ್ದು ಅಂತಾರೆ" ಎಂದರು.

"ಮಾಡಿಕೊಡಿ, ಕಾಯ್ತೀನಿ."

ಅವರು ಯಂತ್ರದ ಕಡೆ ನೋಡಿದರು. "ಪೂಜೆ ಮಾಡ್ಬಿಟ್ಟಿದೀವಿ ಮೇಡಂ. ನಾಳೆ ವಿಜಯದಶಮಿ, ನಾಡಿದ್ದು ಭಾನುವಾರ. ಸೋಮವಾರ ತೆಗೆದ ತಕ್ಷಣ ನಿಮ್ದೇ ಮೊದಲು."

ಪ್ರತಿ ವರ್ಷ ಆಯುಧ ಪೂಜೆಯ ದಿನ ನನ್ನ ಮೈಕ್ರೋಮೀಟರು, ವರ್ನಿಯರು, ಗೇಜುಗಳನ್ನೆಲ್ಲ ಕೆಂಪು ಬಟ್ಟೆಯ ಮೇಲೆ ಜೋಡಿಸಿ ಪೂಜೆ ಮಾಡುವವಳು ನಾನು. ಎರಡು ದಿನ ಅವನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಒಂದು ವರ್ಷ ತುರ್ತು ಎಂದು ಮುನಿರಾಜು ಗೇಜಿಗೆ ಕೈಹಾಕಿದಾಗ, "ಅಷ್ಟೂ ಭಯಭಕ್ತಿ ಬೇಡ್ವೇನೋ ನಿಂಗೆ" ಎಂದು ಎಲ್ಲರೆದುರಿಗೆ ಬೈದಿದ್ದೆ. ಈ ಮನುಷ್ಯನಿಗೆ ನಾನು ಏನೆಂದು ಹೇಳಲಿ. ನನ್ನ ಜೀವ ದೊಡ್ಡದೋ ಆ ಬ್ಲೇಡು ದೊಡ್ಡದೋ ಎಂದು ಕೇಳಬಹುದಿತ್ತು, ಕೇಳಬೇಕಿತ್ತು. ಅವರು ತಟ್ಟೆಯಲ್ಲಿ ಕಡಲೆಪುರಿ, ಸಿಹಿ ಕೊಟ್ಟರು. ನಾನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ಕೆಳಗಿಳಿದೆ. ಸ್ಕೂಟರಿನ ಹಿಂದೆ ಕೂತು ಮನೆಯ ತನಕ ಅಳುತ್ತಲೇ ಬಂದೆ. ಶಿವಸ್ವಾಮಿಗೆ ಹಿಂದಿನಿಂದ ಗೊತ್ತಾಗುತ್ತಿತ್ತು, ಹಂಪು ಬಂದಲ್ಲೆಲ್ಲ ನಿಧಾನ ಮಾಡಿದರು.

ಸೋಮವಾರ ಲ್ಯಾಬಿನವರು ಮಾತಿನಂತೆ ಮೊದಲು ನಮ್ಮದೇ ಮಾಡಿಕೊಟ್ಟರು. ಮತ್ತೆ ಕಾಯುವುದು, ಮತ್ತೆ ಸಹಾಯವಾಣಿ, ಮತ್ತೆ ಪ್ರೋಸೆಸ್‌ನಲ್ಲಿದೆ ಮೇಡಂ. ಎಲ್ಲ ಸೇರಿ ಏಳು ವಾರವಾದ ಮೇಲೆ ರಿಪೋರ್ಟು ಬಂತು. ಬದಲಾವಣೆ ಇದೆ. ಆ ಇಂಜೆಕ್ಷನ್ ನನಗೆ ಕೆಲಸ ಮಾಡುವುದಿಲ್ಲ.

ಚಿಕಿತ್ಸೆಗೆ ಮುಂಚೆ ಇನ್ನೊಂದು ಸ್ಕ್ಯಾನ್ ಮಾಡಿಸಿದರು. ಲಿವರಿನ ಮೇಲೆ ಎರಡಿದ್ದ ಚುಕ್ಕೆ ಮೂರಾಗಿತ್ತು. ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಸೋಮವಾರ ಕೀಮೋ ಶುರುವಾಯಿತು. ಏಳು ವಾರದ ಹಿಂದಿನ ಸೋಮವಾರ ಯಾವ ಔಷಧಿ ಕೊಡಬೇಕೆಂದಿದ್ದರೋ ಅದೇ ಔಷಧಿ, ಅದೇ ಅಳತೆ, ಅದೇ ಕುರ್ಚಿ ಇದ್ದರೂ ಇರಬಹುದು.

ಕೀಮೋದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ. ನನಗೆ ಕೊಟ್ಟದ್ದರಲ್ಲಿ ಒಂದು ಔಷಧಿ ತಣ್ಣಗಿನದನ್ನು ಮುಟ್ಟಲು ಬಿಡುವುದಿಲ್ಲ. ಸ್ಟೀಲಿನ ಲೋಟ ಹಿಡಿದರೆ ಕರೆಂಟು ಹೊಡೆದ ಹಾಗೆ. ಅತ್ತೆ ಮನೆಯ ಲೋಟಗಳಿಗೆಲ್ಲ ಹಳೆಯ ಕಾಲುಚೀಲ ತೊಡಿಸಿದರು. ಬೆರಳ ತುದಿ ಜೋಮು ಹಿಡಿದದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹೇಳುತ್ತಿದ್ದವಳಿಗೆ ಈಗ ಬ್ಲೌಸಿನ ಹುಕ್ಕು ಹಾಕಲು ಕನ್ನಡಿ ಬೇಕು. ಆರು ಸುತ್ತಿನ ನಂತರ ಚುಕ್ಕೆಗಳು ಸಣ್ಣವಾದವು, ಲಿವರಿನ ಆ ಭಾಗಗಳನ್ನು ತೆಗೆದರು, ಮತ್ತೆ ಆರು ಸುತ್ತು ಆಯಿತು. ಹೊಟ್ಟೆಯ ಚೀಲವೂ ಹೋಯಿತು. ಈಗ ಮೂರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ಅರ್ಧ ದಿನ ಕಾರ್ಖಾನೆಗೆ ಹೋಗುತ್ತೇನೆ. ವಾಸಿಯಾಯಿತು ಎಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ನೆಂಟರು ಬಂದಾಗ ಶಿವಸ್ವಾಮಿ ಕಥೆ ಹೇಳುತ್ತಾರೆ. ಅವರ ಕಥೆಯಲ್ಲಿ ಖಳನಾಯಕ ಲ್ಯಾಬು. "ಎರಡು ತಿಂಗಳು ಸತಾಯಿಸ್ಬಿಟ್ರು ಕಣ್ರೀ, ಅವ್ರಿಂದಾನೇ ಟ್ರೀಟ್‌ಮೆಂಟ್ ಲೇಟಾಯ್ತು" ಎನ್ನುತ್ತಾರೆ. ಲ್ಯಾಬು ಸತಾಯಿಸಿದ್ದು ನಿಜ. ಅದಕ್ಕೆ ನನ್ನ ಸಿಟ್ಟು ಆರುವುದಿಲ್ಲ. ಆದರೆ ಚಿಕಿತ್ಸೆ ನಿಲ್ಲಿಸಿದ್ದು ಅವರಲ್ಲ. ಪ್ರತಿ ಸಲ ಆ ಕಥೆ ಬಂದಾಗ ನಾನು ಕಾಫಿ ಮಾಡಲು ಎದ್ದು ಹೋಗುತ್ತಿದ್ದೆ.

ಕಳೆದ ಸಲ ತೋರಿಸಲು ಹೋದಾಗ, ಗಂಡ ಬಿಲ್ಲಿನ ಸಾಲಿನಲ್ಲಿದ್ದರು, ನಾನೊಬ್ಬಳೇ ಒಳಗಿದ್ದೆ. ಡಾಕ್ಟರನ್ನು ಕೇಳಿಯೇಬಿಟ್ಟೆ. "ಅವತ್ತು ಸೋಮವಾರ ಶುರು ಮಾಡಿದ್ರೆ ಮೂರನೇ ಚುಕ್ಕೆ ಬರ್ತಿರ್ಲಿಲ್ಲ ಅಲ್ವಾ?"

ಅವರು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಮೊದಲ್ನೇ ಸ್ಕ್ಯಾನ್ ಟೈಮಲ್ಲೇ ಇದ್ದಿರ್ಬಹುದು, ಕಾಣಿಸದಷ್ಟು ಸಣ್ಣದಾಗಿ. ಇಲ್ದೇನೂ ಇರ್ಬಹುದು. ನನಗೆ ಗೊತ್ತಿಲ್ಲ ವನಜಾಕ್ಷಿಯವ್ರೆ."

"ಗೊತ್ತಾಗೋಕೆ ಏನಾದ್ರೂ ಟೆಸ್ಟು?"

"ಅದಕ್ಕೆ ಟೆಸ್ಟ್ ಇಲ್ಲ."

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಬಿಲ್ಲು ಮುಗಿಸಿ ಶಿವಸ್ವಾಮಿಯೂ ಬಂದು ಕೂತರು. ನಮ್ಮ ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರಿದ್ದರು, ಹೆಬ್ಬಗೋಡಿಯವರು. ಗಂಡನಿಗೆ ಕಾಯಿಲೆ, ನನ್ನದೇ ಕರುಳಿನದು. ಬೊಮ್ಮಸಂದ್ರದಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಾರಂತೆ. ಈಗತಾನೇ ಡಾಕ್ಟರನ್ನು ನೋಡಿ ಹೊರಗೆ ಬಂದು, ಇನ್ನೊಂದು ಕಾಗದಕ್ಕಾಗಿ ಕೂತಿದ್ದರು.

"ಯಾವಾಗಿಂದ ಕೀಮೋ?" ಎಂದು ನಾನು ಮಾತಿಗೆಳೆದೆ.

ಆ ಹೆಂಗಸು, "ನಾಳೆಯಿಂದ್ಲೇ ಅಂದ್ರು ಅಕ್ಕ. ಜೀನ್ ಟೆಸ್ಟ್ ಕಳ್ಸಿದಾರೆ, ಅದ್ ಬರ್ಲಿ ಅಂತ ಇವ್ರು ಹೇಳ್ಬಿಟ್ಟು ಬಂದ್ರು" ಎಂದಳು.

ಅವನು ಸಮಜಾಯಿಷಿ ಕೊಡುವವನಂತೆ ನಕ್ಕ. "ಮೊದಲ್ನೇ ಪೀಸು ಅಪ್ರೂವಲ್ ಆಗ್ದೆ ನಾವ್ ಪ್ರೊಡಕ್ಷನ್ ಓಡ್ಸಲ್ಲ ಅಕ್ಕ. ಎರಡು ವಾರ ತಾನೇ."

ಎಲ್ಲಿತ್ತೋ ಆ ಸಿಟ್ಟು, ಎರಡು ವರ್ಷದ್ದೆಲ್ಲ ಒಟ್ಟಿಗೆ ಬಂತು. ಆದರೆ ಅವನ ಮುಖ ನೋಡಿದರೆ ಬೈಯಲು ಆಗಲಿಲ್ಲ. ಹೆದರಿದವನ ಮುಖ ಅದು.

"ನಾನೂ ಇಲ್ಲೇ, ಇದೇ ಡಾಕ್ಟ್ರ ಹತ್ರ ಹೀಗೇ ಹೇಳಿದ್ದೆ" ಎಂದೆ. "ಏಳು ವಾರ ಕಾದೆ."

"ಟೆಸ್ಟಿನವ್ರು ಲೇಟ್ ಮಾಡಿದ್ರಾ?" ಎಂದ.

ಶಿವಸ್ವಾಮಿ ಹೌದು ಎನ್ನಲು ಬಾಯಿ ತೆರೆದರು. ನಾನು ಅವರ ತೊಡೆಯ ಮೇಲೆ ಕೈಯಿಟ್ಟು ತಡೆದೆ.

"ಅವ್ರು ಲೇಟ್ ಮಾಡಿದ್ರು. ನಿಲ್ಲಿಸಿದ್ದು ನಾನು. ಡಾಕ್ಟ್ರು ಎರಡು ಸಲ ಶುರು ಮಾಡಣ ಅಂದ್ರು, ಎರಡು ಸಲಾನೂ ನಾನೇ ಬೇಡ ಅಂದೆ. ಲಿವರಲ್ಲಿ ಎರಡಿತ್ತು, ಮೂರಾಯ್ತು."

ಆ ಹೆಂಗಸು ಗಂಡನ ತೋಳು ಹಿಡಿದಳು. "ಕಾದಿದ್ದಕ್ಕೇ ಆಗಿದ್ದಾ ಅಕ್ಕ?" ಎಂದಳು.

"ಗೊತ್ತಿಲ್ಲಮ್ಮ. ಯಾವತ್ತೂ ಗೊತ್ತಾಗಲ್ಲ. ಕಾಯ್ದೇ ಇದ್ದಿದ್ರೆ ಈ ಪ್ರಶ್ನೆ ನನಗಿರ್ತಿರ್ಲಿಲ್ಲ."

ಶಿವಸ್ವಾಮಿ ನನ್ನ ಕೈಯನ್ನು ಮೆಲ್ಲಗೆ ತಮ್ಮ ತೊಡೆಯಿಂದ ಎತ್ತಿ ನನ್ನ ಮಡಿಲಿಗಿಟ್ಟು ಎದ್ದರು. ಬೇಜಾರಾಯಿತೇನೋ, ಹೊರಟೇಬಿಟ್ಟರೇನೋ ಎಂದುಕೊಂಡೆ. ಅವರು ಆ ಮನುಷ್ಯನ ಮುಂದೆ ನಿಂತು, "ಬನ್ನಿ ಸಾರ್" ಎಂದರು. "ಅವತ್ತು ಇವಳ ಪಕ್ಕದಲ್ಲೇ ಕೂತು ನಾನೂ ಹೂಂ ಅಂದಿದ್ದೆ. ಬನ್ನಿ, ಡಾಕ್ಟ್ರಿಗೆ ನಾಳೆ ಬರ್ತೀವಿ ಅಂತ ಹೇಳ್ಬರೋಣ."

ಅವನು ಹೆಂಡತಿಯ ಮುಖ ನೋಡಿ ಎದ್ದು ನಿಂತ. ಶಿವಸ್ವಾಮಿ ಸಾಲಿನಲ್ಲಿದ್ದವರಿಗೆಲ್ಲ ಒಂದು ನಿಮಿಷ ಎಂದು ಕೈಮುಗಿದು, ಟೋಕನ್ ಇಲ್ಲದೆ, ಕೇಳದೆ, ಡಾಕ್ಟರ ಬಾಗಿಲು ತಟ್ಟಿದರು.